ಹಿಮದಲ್ಲಿ ನೇಯ್ದ ಬೇಸಿಗೆಯ ಬಟ್ಟೆ

ಜಪಾನಿನ ಋತುಗಳೆಂದರೆ ನಮ್ಮ ಮನಸ್ಸು ನೇರ ಚೆರಿ ಹೂವಿನತ್ತ ಓಡುತ್ತದೆ. ಆದರೆ ಹಿಂದೆ ಎಚಿಗೊ ಎನಿಸಿಕೊಂಡಿದ್ದ, ಇಂದಿನ ನೀಗಾತಾ ಪ್ರಾಂತ್ಯದ ಶಿಯೊಜಾವಾ ಎಂಬ ಸಣ್ಣ ಊರಿನ ಬದುಕು ಅರ್ಥವಾಗಬೇಕಾದರೆ ವರ್ಷವನ್ನು ಹಿಮದಿಂದಲೇ ಎಣಿಸಬೇಕು. ಸೈಬೀರಿಯಾದ ಕಡೆಯಿಂದ ಬೀಸುವ ಗಾಳಿ ಜಪಾನ್ ಸಮುದ್ರದ ತೇವ ಹೊತ್ತು ತಂದು ಬೆಟ್ಟಸಾಲಿಗೆ ತಗುಲಿ, ಆಳೆತ್ತರ ಮೀರುವಷ್ಟು ಹಿಮ ಸುರಿಸುತ್ತದೆ. ಆ ತಿಂಗಳುಗಳಲ್ಲಿ ಊರು ಕೆಲಸವಿಲ್ಲದೆ ಮುದುರಿಕೊಂಡಿರುತ್ತದೆ ಎಂದು ಹೊರಗಿನವರು ಭಾವಿಸಬಹುದು. ಅದು ತಪ್ಪು ಎಂಬುದೇ ನನ್ನ ಮಾತು. ಆ ಊರಿಗೆ ಹೆಸರು ತಂದ ದುಡಿಮೆ ನಡೆದದ್ದೇ ಹಿಮದ ನಡುವೆ.

ಇದಕ್ಕೆ ದೊಡ್ಡ ಸಾಕ್ಷಿ ಸುಜುಕಿ ಬೊಕುಶಿ. 1770ರಲ್ಲಿ ಶಿಯೊಜಾವಾದಲ್ಲಿ ಹುಟ್ಟಿದ ಬಟ್ಟೆ ವ್ಯಾಪಾರಿ. ಹತ್ತೊಂಬತ್ತರ ಹರೆಯದಲ್ಲಿ ಬಟ್ಟೆ ಮಾರಲು ಎದೋ (ಇಂದಿನ ಟೋಕಿಯೊ) ನಗರಕ್ಕೆ ಹೋದಾಗ, ತನ್ನೂರಿನ ಹಿಮ ಅಲ್ಲಿನವರ ಊಹೆಗೂ ನಿಲುಕದ್ದೆಂದು ಕಂಡ. ಅದನ್ನು ಬರೆದು ತಿಳಿಸಬೇಕೆಂಬ ಹಟ ಅವನನ್ನು ಮತ್ತೆ ಬಿಡಲಿಲ್ಲ. ಹಸ್ತಪ್ರತಿ ಎದೋದ ಲೇಖಕರ ಮನೆಯಿಂದ ಮನೆಗೆ ಅಲೆಯಿತು. ಹೆಸರಾಂತ ಕಾದಂಬರಿಕಾರ ಬಾಕಿನ್ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡರೂ ಪುಸ್ತಕ ಹೊರಬರಲಿಲ್ಲ. ಬೊಕುಶಿ ಮತ್ತೆ ಬರೆದ. ಕೊನೆಗೆ ಲೇಖಕ ಸಾಂತೊ ಕ್ಯೋಜಾನ್ ಕೈ ಹಿಡಿದ ಮೇಲೆ, 1837ರಲ್ಲಿ, ‘ಹೊಕುಎತ್ಸು ಸೆಪ್ಪು’ವಿನ ಮೊದಲ ಭಾಗ ಅಚ್ಚಾಯಿತು. ಎಂಥ ತಾಳ್ಮೆ! ಮನೆ ಸೂರಿನ ಹಿಮ ಅಗೆದು ಹಾಕುವುದು, ಹಿಮಪಾತ, ಕರಡಿ ಬೇಟೆ, ಹಬ್ಬ, ಎಲ್ಲವೂ ಅದರಲ್ಲಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ‘ಚಿಜಿಮಿ’ ಎಂಬ ಬಟ್ಟೆಯ ವಿವರ. ರೇಮಿ ಗಿಡದ ನಾರನ್ನು ಕೂದಲಿನಷ್ಟು ತೆಳುವಾಗಿ ಸೀಳಿ ಕೈಯಿಂದಲೇ ಎಳೆಗೆ ಎಳೆ ಸೇರಿಸಿ ನೂಲು ಮಾಡುತ್ತಾರೆ. ಒಣಗಾಳಿಗೆ ಈ ನೂಲು ಪಟ್ಟನೆ ಕಡಿಯುತ್ತದೆ. ಹಿಮ ಮುಚ್ಚಿದ ಮನೆಯ ತೇವದಲ್ಲಿ ಮಾತ್ರ ಮಗ್ಗ ಸರಾಗ. ನೇಯ್ದದ್ದನ್ನು ಚಳಿಗಾಲದ ಕೊನೆಯ ಬಿಸಿಲಲ್ಲಿ ಹಿಮದ ಬಯಲಿನ ಮೇಲೆಯೇ ಹಾಸಿ ಬಿಳುಪು ಮಾಡುತ್ತಾರೆ. ಹೀಗೆ ಸಿದ್ಧವಾದದ್ದು ಬೇಸಿಗೆಯಲ್ಲಿ ಉಡುವ ಬಟ್ಟೆ!

ಇದು ಕಷ್ಟಕ್ಕೆ ಬಣ್ಣ ಬಳಿಯುವ ಮಾತು, ಉಟ್ಟವರು ನಗರದ ಸಿರಿವಂತರು, ನೇಯ್ದವರು ಹಳ್ಳಿಯ ಹೆಣ್ಣುಮಕ್ಕಳು, ಲಾಭ ಬೊಕುಶಿಯಂಥ ವ್ಯಾಪಾರಿಗಳಿಗೆ ಎಂದು ಯಾರಾದರೂ ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪವೇ. ಆದರೆ ಅದಕ್ಕೆ ಬೇಕಾದ ಪುರಾವೆಯನ್ನು ಬೊಕುಶಿಯೇ ಒದಗಿಸುತ್ತಾನೆ. ತವರಿಗೆ ಹೊರಟ ಎಳೆಯ ದಂಪತಿ ಹಿಮಗಾಳಿಗೆ ಸಿಕ್ಕಿ ಸತ್ತು, ತಾಯ ಮಡಿಲಿನ ಕೂಸು ಮಾತ್ರ ಉಳಿದದ್ದನ್ನು ಅವನು ಬರೆದಿದ್ದಾನೆ. ಜೀವ ತೇದು ನೇಯ್ದ ಬಟ್ಟೆಯ ಮೇಲೆ ಕಾಸಗಲ ಮಸಿ ಬಣ್ಣದ ಕಲೆ ಕಂಡು ಬುದ್ಧಿ ಕಳೆದುಕೊಂಡ ಹುಡುಗಿಯನ್ನೂ ಅವನು ಮರೆಮಾಚಿಲ್ಲ. ಹಿಮವನ್ನು ಕಂಡು ಹಿಗ್ಗುವುದು ಅದು ಕಡಿಮೆ ಬೀಳುವ ನಾಡಿನವರ ಸುಖ ಎಂಬ ಅರಿವು ಅವನಿಗಿತ್ತು. ಹಿಮ ಕೊಲ್ಲುತ್ತಿತ್ತು, ಅದೇ ಹಿಮ ಕಸುಬನ್ನೂ ಕೊಡುತ್ತಿತ್ತು. ಎರಡನ್ನೂ ಒಟ್ಟಿಗೆ ಹೇಳದವರು ಆ ಊರನ್ನು ಅರ್ಧವೇ ಹೇಳಿದಂತೆ.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1931ರಲ್ಲಿ ಶಿಮಿಜು ಸುರಂಗ ಟೋಕಿಯೊ ಕಡೆಯಿಂದ ನೇರ ರೈಲನ್ನು ತಂದಿತು, ಪಕ್ಕದ ಯುಜಾವಾ ಕವಾಬಾತಾ ಅವರ ಕಾದಂಬರಿಯಿಂದ ಲೋಕಪ್ರಸಿದ್ಧವಾಯಿತು, 1982ರಲ್ಲಿ ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಬಂತು. ಮಗ್ಗಗಳು ವಿರಳವಾದವು, ಅದೇ ದುಃಖ. ಆದರೂ 2009ರಲ್ಲಿ ಯುನೆಸ್ಕೋ ಈ ನೇಯ್ಗೆಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೊಕುಶಿಯ ಪುಸ್ತಕ 1986ರಲ್ಲಿ ಇಂಗ್ಲಿಷಿಗೆ ಬಂದಿದೆ. ಕವಾಬಾತಾರನ್ನು ಮೆಚ್ಚಿದ ಓದುಗರು ದಯವಿಟ್ಟು ಅದನ್ನೂ ಹುಡುಕಿ ಓದಿ.