ಜಾಮೀನು ಸಿಕ್ಕಿದರೂ ಬಿಡುಗಡೆ ಯಾಕಾಗಿಲ್ಲ?

ಕೊಡಿಗೇನಹಳ್ಳಿ ಸಂಘದ ಅಕ್ಕತಂಗಿಯರೇ, ಮನೆಯವರನ್ನು ಪೊಲೀಸರು ಹಿಡಿದರೆ ದಲ್ಲಾಳಿ ಹತ್ತಿರ ಓಡಬೇಡಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಜೈಲಿಗೆ ಕಳಿಸಿದರೆ ಅಲ್ಲಿ ಹೆಸರು, ಮೈಮೇಲಿನ ಗುರುತು, ಒಡವೆ, ದುಡ್ಡು ಬರೆದುಕೊಳ್ಳುತ್ತಾರೆ, ಡಾಕ್ಟರು ನೋಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಆಗಲೇ ಹೇಳಬೇಕು.

ಜಾಮೀನು ಆಯ್ತು ಅಂದ್ರೆ ಬಿಡುಗಡೆ ಆಯ್ತು ಅಂತಲ್ಲ. ಜಾಮೀನುದಾರರ ಪಹಣಿ, ಆಧಾರ್ ನೋಡಿ ಕೋರ್ಟು ಒಪ್ಪಬೇಕು, ಬಿಡುಗಡೆ ಆದೇಶ ಜೈಲಿಗೆ ಮುಟ್ಟಬೇಕು. ಸಂಘದ ಮುಲಾಜಿಗೆ ಸಹಿ ಹಾಕಬೇಡಿ, ಆರೋಪಿ ಕೋರ್ಟಿಗೆ ಬಾರದಿದ್ದರೆ ಬಾಂಡಿನ ದುಡ್ಡು ನಿಮ್ಮ ತಲೆಗೇ ಬರುತ್ತದೆ. ಪಹಣಿ ಇಲ್ಲದ ಬಡವರು ಒಳಗೇ ಉಳಿಯುವುದನ್ನು ನಾವು ಕಂಡಿದ್ದೇವೆ. ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ನೋಡಬಹುದು, ಸುಪ್ರೀಂ ಕೋರ್ಟು 2023ರಲ್ಲೇ ಹೇಳಿದೆ. ಹೆಂಗಸರಿಗೂ ಬಂಧನದಲ್ಲಿರುವವರಿಗೂ ವಕೀಲರು ಉಚಿತ, ಆದಾಯ ಕೇಳುವುದಿಲ್ಲ. ಮಧುಗಿರಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ.