ಪೌರನೀತಿಯ ಪಾಠ ಮನೆಯ ಹೊಸ್ತಿಲಲ್ಲಿ ನಿಲ್ಲಬಾರದು

(ಬೆಳ್ಳಟ್ಟಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ನಿವೃತ್ತಳಾಗುವವರೆಗೆ ನಾನು ಮಾಡಿದ ಕೆಲಸ ಒಂದೇ. ನಿಮ್ಮ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಲಿರುವ ಬಿ.ಎಡ್. ಪ್ರಶಿಕ್ಷಣಾರ್ಥಿಗಳನ್ನು ತಯಾರು ಮಾಡುವುದು. ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಮಾತಾಡುವ ಸಭೆಯಲ್ಲಿ ಇವಳಿಗೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. ಒಳ್ಳೆಯ ಪೌರ ಎಂದರೆ ಯಾರು ಎಂದು ನಿಮ್ಮ ಮಕ್ಕಳಿಗೆ ಹೇಳಿಕೊಡುವವರು ಇವರೇ.

ಪಾಠಾಭ್ಯಾಸಕ್ಕೆ ಹೋದ ಹುಡುಗರು, ಹುಡುಗಿಯರು ಹಲಗೆಯ ಮೇಲೆ ಹಕ್ಕು, ಕರ್ತವ್ಯಗಳ ಪಟ್ಟಿ ಬರೆಯುತ್ತಿದ್ದರು. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಧ್ವಜಕ್ಕೆ, ರಾಷ್ಟ್ರಗೀತೆಗೆ ಗೌರವ ಕೊಡಬೇಕೆಂಬುದಕ್ಕೆ ಅರ್ಧ ತಾಸು ಹೋಗುತ್ತಿತ್ತು. ಅದೇ ಪಟ್ಟಿಯಲ್ಲಿ ಇನ್ನೊಂದು ಕರ್ತವ್ಯವಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯ ಪ್ರಕಾರ, ಹೆಣ್ಣಿನ ಗೌರವಕ್ಕೆ ಕುಂದು ತರುವ ಆಚರಣೆಗಳನ್ನು ಪ್ರತಿಯೊಬ್ಬ ಪೌರನೂ ಬಿಡಬೇಕು. ಅದನ್ನು ಒಂದು ಸಾಲಿನಲ್ಲಿ ಓದಿ ಮುಂದೆ ಸಾಗುತ್ತಿದ್ದರು.

ಒಮ್ಮೆ ತರಗತಿಯಲ್ಲಿ ಕೇಳಿದೆ: "ನಿಮ್ಮಲ್ಲಿ ಹುಂಡಾ ಇಲ್ಲದೆ ಮದುವೆಯಾಗುವವರು ಯಾರು?" ಎಲ್ಲರೂ ತಲೆ ತಗ್ಗಿಸಿದರು. ಕೊನೆಗೆ ಒಬ್ಬ ಎದ್ದು ನಿಂತ. "ಮೇಡಂ, ನಾವು ಕೇಳೂದಿಲ್ಲರಿ. ಅವರಾಗೇ ಕೊಟ್ರ ಬ್ಯಾಡ ಅನ್ನೂದು ಹೆಂಗ್ರಿ?"

ಆ ಹುಡುಗ ಕೆಟ್ಟವನಲ್ಲ. ಆದರೆ ಅವನ ಈ ಮಾತಿನ ಮರೆಯಲ್ಲೇ ಎಷ್ಟೋ ಮನೆಗಳ ಹೊಲ ಒತ್ತೆ ಬಿದ್ದಿವೆ. ಅಂದಿನಿಂದ 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಅವರಿಂದಲೇ ಓದಿಸಿದೆ. ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಸಾಮಾನ್ಯವಾಗಿ ಕನಿಷ್ಠ ಶಿಕ್ಷೆ ಐದು ವರ್ಷ. ಕೇಳುವುದೇ ಬೇರೆ ಅಪರಾಧ. ಕೇಳದೆ ಕೊಟ್ಟ ಉಡುಗೊರೆಗೆ ಅವಕಾಶವಿದೆ, ನಿಜ. ಆದರೆ ಅದು ರೂಢಿಯದಾಗಿರಬೇಕು, ಕೊಡುವವರ ಶಕ್ತಿ ಮೀರಿರಬಾರದು, ಪಟ್ಟಿಯಲ್ಲಿ ಬರೆದಿರಬೇಕು. ಹೊಲ ಒತ್ತೆ ಇಟ್ಟು ಕೊಟ್ಟದ್ದು ಉಡುಗೊರೆ ಹೇಗಾದೀತು? ನೊಂದವರು ದೂರು ಕೊಟ್ಟು ಹೇಳಿಕೆ ನೀಡಿದರೆ, ಆ ಹೇಳಿಕೆಗಾಗಿ ಅವರ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂಬುದನ್ನೂ ನೀವು ನೆನಪಿಡಿ.

ಎರಡನೆಯದಾಗಿ ಒಂದು ಎಚ್ಚರ ಕಲಿಸಿದೆ. "ಯಾರ ಮನೆಯಲ್ಲಿ ಅಪ್ಪ ಅವ್ವನನ್ನು ಹೊಡೆಯುತ್ತಾನೆ?" ಎಂದು ತರಗತಿಯಲ್ಲಿ ಎಂದೂ ಕೇಳಬಾರದು. ಮಗು ತಾನಾಗಿ ಬಂದು ಹೇಳಿದರೆ ಅಪ್ಪನನ್ನು ಶಾಲೆಗೆ ಕರೆಸಿ ಬೈಯಲೂಬಾರದು. ಆ ರಾತ್ರಿ ಏಟು ಹೆಚ್ಚಾಗುವುದು ಅವ್ವನಿಗೇ. ಮೊದಲು ಅವ್ವನ ಜೊತೆ ಮಾತಾಡಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆಕೆಗೆ ಮನೆಯಲ್ಲಿ ವಾಸಿಸುವ ಹಕ್ಕಿದೆ, ಸಂರಕ್ಷಣಾಧಿಕಾರಿಯ ನೆರವಿದೆ, 181 ಸಹಾಯವಾಣಿ ಇದೆ ಎಂದು ತಿಳಿಸಬೇಕು. ಮುಂದಿನ ಹೆಜ್ಜೆ ಆಕೆಯದು.

ಮೂರನೆಯದಾಗಿ ಅವರನ್ನು ಒಂದು ಸ್ವಸಹಾಯ ಸಂಘದ ವಾರದ ಸಭೆಗೆ ಕಳಿಸಿದೆ. ಮಾತಾಡಬೇಡಿ, ನೋಡಿ ಬನ್ನಿ ಎಂದೆ. ಲೆಕ್ಕ ಓದುವುದು, ಪ್ರಶ್ನೆ ಕೇಳುವುದು, ಠರಾವು ಬರೆದು ಸಹಿ ಮಾಡುವುದು. ಪುಸ್ತಕದ ಪ್ರಜಾಪ್ರಭುತ್ವ ಅಲ್ಲಿ ಚಾಪೆಯ ಮೇಲೆ ಕುಳಿತಿತ್ತು. ಆದರೆ ಅವರು ಇನ್ನೊಂದನ್ನೂ ನೋಡಿ ಬಂದರು. "ಮಗಳ ಮದುವೆಗೆ" ಎಂದು ಒಬ್ಬಾಕೆ ಸಾಲ ಕೇಳಿದಳು, ಸಂಘ ಮಂಜೂರು ಮಾಡಿತು. ಮದುವೆಯ ಯಾವ ಖರ್ಚಿಗೆ ಎಂದು ಯಾರೂ ಕೇಳಲಿಲ್ಲ. ಮರುದಿನ ಒಬ್ಬ ಪ್ರಶಿಕ್ಷಣಾರ್ಥಿನಿ ನನ್ನನ್ನು ಕೇಳಿದಳು: "ಮೇಡಂ, ಆ ರೊಕ್ಕ ಹೋಗೂದು ನನ್ನ ಅಣ್ಣನಂಥವರ ಕೈಗೇ ಅಲ್ಲೇನ್ರಿ?"

ಆ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರಿ ಸಂಘ ಕಟ್ಟಿದರು. ಬಡ್ಡಿ ಸಾಹುಕಾರನ ಕೈಯಿಂದ ಬಿಡಿಸಿಕೊಳ್ಳಲು ಕಟ್ಟುವ ಸಂಘದ ದುಡ್ಡು ಗಂಡಿನ ಕಡೆಯವರ ಚೀಲ ತುಂಬಬೇಕೆ? ಹಾಗೆಂದು ಸಾಲ ಕೇಳಿದ ತಾಯಿಯನ್ನು ಬರಿಗೈಯಲ್ಲಿ ಕಳಿಸಿದರೆ ಆಕೆ ಮತ್ತೆ ಸಾಹುಕಾರನ ಬಾಗಿಲಿಗೇ ಹೋದಾಳು. ಆದ್ದರಿಂದ ಸಂಘದ ನಾಲ್ಕು ಜನ ಮಾತುಕತೆಯ ದಿನ ಆಕೆಯ ಜೊತೆ ಹೋಗಿ ಕುಳಿತುಕೊಳ್ಳಿ. ಊಟಕ್ಕೆ, ಬಟ್ಟೆಗೆ ಸಾಲ ಕೊಡುತ್ತೇವೆ, ಹುಂಡಾಕ್ಕೆ ಕೊಡುವುದಿಲ್ಲ ಎಂದು ಠರಾವು ಬರೆಯಿರಿ. ಮಗಳ ಓದಿಗೆ ಸಾಲ ಕೇಳಿದರೆ ಮೊದಲ ಸರದಿ ಅದಕ್ಕೇ ಕೊಡಿ.

ಇನ್ನೊಂದು ಮಾತು. ಸರಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ತಾಯಂದಿರಿಗೆ ಸ್ಥಾನವಿದೆ. ಬರೀ ಸಹಿ ಹಾಕಿ ಎದ್ದು ಬರಬೇಡಿ. 51ಎ ವಿಧಿಯ ಆ ಒಂದು ಸಾಲನ್ನು ನಮ್ಮ ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಎಂದು ಮಾಸ್ತರರನ್ನು, ಅಕ್ಕೋರನ್ನು ಗೌರವದಿಂದ ಕೇಳಿ. ಮಕ್ಕಳ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳು ಮಾತಾಡಿದರೋ ಇಲ್ಲವೋ ವಿಚಾರಿಸಿ.

ಶಿಕ್ಷಕ ಹೇಗೆ ಮದುವೆಯಾದ ಎಂಬುದನ್ನು ಇಡೀ ಊರು ನೋಡುತ್ತದೆ. ಅದಕ್ಕಿಂತ ದೊಡ್ಡ ಪೌರನೀತಿಯ ಪಾಠ ಅವನು ಹಲಗೆಯ ಮೇಲೆ ಬರೆಯಲಾರ. ನಿಮ್ಮ ಮನೆಯಲ್ಲೂ ಮಗನಿದ್ದಾನೆ. ಅವನ ಮಾತುಕತೆಯ ದಿನ ನೀವು ಏನು ಹೇಳುತ್ತೀರಿ ಎಂಬುದನ್ನು ಇಂದೇ ನಿರ್ಧರಿಸಿ.