ಓಡುವ ಮುನ್ನ ನೋಡೋಣ



ವಿಷ ರಾಸಾಯನಿಕದ ದಾಳಿಯನ್ನು ಸ್ಥಳದಲ್ಲೇ ಗುರುತಿಸುವ ಬಗೆಯೇ ಅಗ್ನಿಶಾಮಕ, ಪೊಲೀಸ್ ಮತ್ತು ಆಂಬುಲೆನ್ಸ್ ಸೇವೆಗಳ ಈ ಸಮಾವೇಶದ ವಿಷಯ. ನಾನು ಹೇಳಬೇಕಾದದ್ದು ಒಂದೇ: ಬೆಂಕಿಯ ಮುಂದೆ ನಮಗೆ ಹೆಸರು ತಂದ ಧಾವಂತ, ವಿಷದ ಮುಂದೆ ನಮ್ಮ ಜೀವವನ್ನೇ ತೆಗೆಯಬಲ್ಲದು.

1995ರ ಮಾರ್ಚ್ 20, ಸೋಮವಾರ. ಟೋಕಿಯೊದ ಜನ ಕೆಲಸಕ್ಕೆ ಹೊರಟ ಹೊತ್ತು. ಓಂ ಶಿನ್‌ರಿಕ್ಯೊ ಪಂಥದವರು ಐದು ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ನರವಿಷ ತುಂಬಿದ ಚೀಲಗಳನ್ನು ಕೊಡೆಯ ಮೊನೆಯಿಂದ ಚುಚ್ಚಿ ಇಳಿದುಹೋದರು. ಹೊರಗೆ ಮುಟ್ಟಿದ ಮೊದಲ ಸುದ್ದಿ ಮಾತ್ರ ಸ್ಫೋಟದ್ದು. ಕಾಸುಮಿಗಾಸೆಕಿ ನಿಲ್ದಾಣದಲ್ಲಿ ಆ ಚೀಲವನ್ನು ತೆಗೆದು ನೆಲ ಶುಚಿಮಾಡಲು ಮುಂದಾದ ಸಿಬ್ಬಂದಿಯಲ್ಲಿ ಇಬ್ಬರು ಪ್ರಾಣ ಬಿಟ್ಟರು. ನೆರವಿಗೆ ಬಂದ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಯಲ್ಲಿ 135 ಮಂದಿಗೆ ವಿಷದ ಲಕ್ಷಣ ಕಾಣಿಸಿತು. ಸೇಂಟ್ ಲ್ಯೂಕ್ ಆಸ್ಪತ್ರೆಗೆ ಮೊದಲ ದಿನವೇ 640 ಮಂದಿ ಬಂದರು. ಅವರ ಬಟ್ಟೆಯಿಂದ ಎದ್ದ ಆವಿ ಉಪಚರಿಸಿದವರನ್ನೂ ಕಾಡಿತು.

ಕುರುಹುಗಳು ಇದ್ದವು. ಮೈಮೇಲೆ ಗಾಯವಿಲ್ಲ, ಸುಟ್ಟ ಕಲೆಯಿಲ್ಲ, ಆದರೂ ಸಾಲು ಸಾಲಾಗಿ ಜನ ಕುಸಿದಿದ್ದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಕಣ್ಣು ಮಂಜು, ಮೂಗಿನಲ್ಲಿ ನೀರು, ಉಸಿರಿಗೆ ಪರದಾಟ. ಇದೇ ಲಕ್ಷಣಗಳನ್ನು 1994ರ ಜೂನ್‌ನಲ್ಲಿ ಸಾರಿನ್ ದಾಳಿಗೆ ತುತ್ತಾದ ಮಾತ್ಸುಮೊಟೊ ಊರಿನ ವೈದ್ಯರು ಕಂಡಿದ್ದರು. ಅಲ್ಲಿಯ ವೈದ್ಯರೊಬ್ಬರು ಟಿ.ವಿ.ಯಲ್ಲಿ ದೃಶ್ಯ ನೋಡಿದವರೇ ಟೋಕಿಯೊಗೆ ಫೋನ್ ಮಾಡಿ, ಇದು ಸಾರಿನ್ ಇರಬಹುದೆಂದು ಎಚ್ಚರಿಸಿದರು. ಕಂಡದ್ದನ್ನು ನೆನಪಿಟ್ಟು ಹೇಳುವುದೂ ರಕ್ಷಣಾ ಕಾರ್ಯವೇ.

ಹಾಗಾದರೆ ನಾವು ನೋಡಬೇಕಾದದ್ದೇನು? ಒಬ್ಬರು ಬಿದ್ದಿದ್ದರೆ ಎಂದಿನಂತೆ ಹೋಗಿ. ಕಾರಣ ತಿಳಿಯದೆ ಇಬ್ಬರು ಬಿದ್ದಿದ್ದರೆ ಎಚ್ಚರ. ಮೂವರು ಅಥವಾ ಹೆಚ್ಚು ಮಂದಿ ಬಿದ್ದಿದ್ದರೆ ದೂರದಲ್ಲೇ ನಿಲ್ಲಿ. ಹಕ್ಕಿ, ನಾಯಿ, ಮೀನು ಒಟ್ಟಿಗೆ ಸತ್ತಿವೆಯೇ, ನೆಲಕ್ಕಂಟಿದ ಮಂಜಿದೆಯೇ, ವಾರಸುದಾರರಿಲ್ಲದ ಚೀಲ ಸೋರುತ್ತಿದೆಯೇ ನೋಡಿ. ಮೂಗನ್ನು ನಂಬಬೇಡಿ: ಶುದ್ಧ ಸಾರಿನ್‌ಗೆ ವಾಸನೆಯಿಲ್ಲ, ಹೈಡ್ರೋಜನ್ ಸಲ್ಫೈಡ್ ವಾಸನೆ ಹಿಡಿಯುವ ಶಕ್ತಿಯನ್ನೇ ಕುಂದಿಸುತ್ತದೆ. ಗಾಳಿ ಬೀಸಿ ಬರುವ ಕಡೆ, ಎತ್ತರದ ಜಾಗದಲ್ಲಿ ವಾಹನ ನಿಲ್ಲಿಸಿ. ನಡೆಯಬಲ್ಲವರನ್ನು ಕೂಗಿ ಹೊರಗೆ ಕರೆಯಿರಿ. ಬಟ್ಟೆ ಕಳಚಿಸಿದರೆ ಮೈಗಂಟಿದ ವಿಷದ ದೊಡ್ಡ ಪಾಲು ಅಲ್ಲೇ ಕಳೆಯುತ್ತದೆ. ಎರಡನೆಯ ಚೀಲ ನಮಗಾಗಿಯೇ ಕಾದಿರಬಹುದೆಂಬ ಎಚ್ಚರವೂ ಇರಲಿ.

ಈ ಕಣ್ಣು ದಾಳಿಗೆ ಮಾತ್ರ ಬೇಕಾದದ್ದಲ್ಲ. ಹೆದ್ದಾರಿಯಲ್ಲಿ ಮಗುಚಿದ ಟ್ಯಾಂಕರಿನ ಫಲಕದಲ್ಲಿ 1017 ಎಂದಿದ್ದರೆ ಒಳಗಿರುವುದು ಕ್ಲೋರಿನ್. ಬೈನಾಕ್ಯುಲರ್‌ನಲ್ಲಿ ಆ ನಾಲ್ಕು ಅಂಕಿ ಓದಿದವನು ತನ್ನ ಇಡೀ ತಂಡವನ್ನು ಉಳಿಸುತ್ತಾನೆ.

112ರ ಕರೆ ಸ್ವೀಕರಿಸುವವರಲ್ಲಿ ನನ್ನ ಬೇಡಿಕೆ: ಎಷ್ಟು ಮಂದಿ ಬಿದ್ದಿದ್ದಾರೆ, ಕಣ್ಣು ಉರಿಯುತ್ತಿದೆಯೇ, ಉಸಿರು ಕಟ್ಟುತ್ತಿದೆಯೇ ಎಂದು ಕೇಳಿ, ಉತ್ತರವನ್ನು ತಂಡಕ್ಕೂ ಆಸ್ಪತ್ರೆಗೂ ಕೂಡಲೇ ಮುಟ್ಟಿಸಿ. ಅಧಿಕಾರಿಗಳಲ್ಲಿ ಬೇಡಿಕೆ: ಪೊಲೀಸರು, ಅಗ್ನಿಶಾಮಕರು, ವೈದ್ಯರು ಒಟ್ಟಾಗಿ ಅಣಕು ಕಾರ್ಯಾಚರಣೆ ನಡೆಸಲಿ, ಪ್ರತಿ ಠಾಣೆಗೂ ಉಸಿರಾಟದ ಸಲಕರಣೆ ಸಿಗಲಿ. ಗೆಳೆಯರೇ, ಸ್ಥಳ ತಲುಪಿದಾಗ ಮೊದಲು ನಿಂತು ನೋಡಿ. ನೀವು ಉಳಿದರೆ ಮಾತ್ರ ಇನ್ನೊಬ್ಬರನ್ನು ಉಳಿಸಬಲ್ಲಿರಿ.